ಚೀಟಿಯಲ್ಲಿ ಇಲ್ಲದ ಐದನೆಯವನು

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ ಎಂದು ಶುರು ಮಾಡುತ್ತೇನೆ ಅಂತ ಕಾಯುತ್ತಿದ್ದೀರಿ, ಅಲ್ಲವೇ? ಇಷ್ಟು ವರ್ಷ ಈ ಚರ್ಚಿನಲ್ಲಿ ನನ್ನ ಪ್ರಸಂಗ ಕೇಳಿದ ನಿಮಗೆ ಆ ಶ್ರೀಮಂತ ಯಾವ ನಿಮಿಷಕ್ಕೆ ಸಾಯುತ್ತಾನೆ ಎಂಬುದೂ ಬಾಯಿಪಾಠವಾಗಿದೆ. ಇವತ್ತು ಅವನಿಗೆ ರಜೆ. ಇವತ್ತು ಒಂದೂರಲ್ಲಿ ನಾಲ್ಕು ಹುಡುಗರಿದ್ದರು. ಊರು ನಮ್ಮ ಹುಬ್ಬಳ್ಳಿಯೇ ಎಂದಿಟ್ಟುಕೊಳ್ಳಿ. ನಾಲ್ವರೂ ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದರು. ಮುಂದಿನ ಬೆಂಚಿನ ಹಿರಿಯರಿಗೆ ಹೇಳುತ್ತೇನೆ, ರಾಕ್ ಬ್ಯಾಂಡ್ ಅಂದರೆ ಕಿವಿ ಗಡಚಿಕ್ಕುವಂತೆ ಗಿಟಾರ್ ಬಾರಿಸಿ, ಅದಕ್ಕಿಂತ ಜೋರಾಗಿ ಒದರುವ ಮಂದಿ. ನಗಬೇಡಿ. ಆ ಒದರಾಟಕ್ಕೂ ಶ್ರುತಿ ಇರುತ್ತದೆ. ಕೆಲವು ಭಾನುವಾರ ನಮ್ಮ ಗಾಯನ ತಂಡಕ್ಕೆ ಇರುವುದಕ್ಕಿಂತ ಹೆಚ್ಚೇ ಇರುತ್ತದೆ.

ಬ್ಯಾಂಡಿನ ಹೆಸರು ಕರಿಮಣ್ಣು. ಮೊದಲು ಕಾಲೇಜಿನ ಗ್ಯಾದರಿಂಗು, ಆಮೇಲೆ ಬೆಳಗಾವಿ, ಪುಣೆ, ಮುಂಬಯಿ. ಹೋದಲ್ಲೆಲ್ಲ ಜನವೋ ಜನ. ಗೋಡೆ ಗೋಡೆಗೆ ಪೋಸ್ಟರು, ಪೋಸ್ಟರಿನಲ್ಲಿ ನಾಲ್ಕು ಮುಖ. ಆದರೆ ನೋಡಿ, ಆ ಬ್ಯಾಂಡಿನಲ್ಲಿ ಇದ್ದದ್ದು ಐದು ಜನ.

ಐದನೆಯವನ ಹೆಸರು ಹನೋಕ. ದೃಷ್ಟಾಂತ ಕಥೆಯಲ್ಲಿ ಹೆಸರು ಹೇಳುವ ಪದ್ಧತಿ ಇಲ್ಲ, ಗೊತ್ತು ನನಗೆ. ಇವನದು ಮಾತ್ರ ಹೇಳುತ್ತೇನೆ. ಉಳಿದ ನಾಲ್ವರ ಹೆಸರು ಪೋಸ್ಟರಿನ ಮೇಲೆ ಬೇಕಾದಷ್ಟು ಸಲ ಬಂದಿದೆ, ಅವರಿಗೆ ನನ್ನ ಬಾಯಿಯ ಹಂಗಿಲ್ಲ.

ಹನೋಕನಿಗೆ ಹಾರ್ಮೋನಿಯಂ, ಗಿಟಾರು ರಿಪೇರಿಯ ಒಂದು ಸಣ್ಣ ಅಂಗಡಿ. ಮದುವೆಯಾಗಲಿಲ್ಲ. ಅಕ್ಕ ಕರುಣಾಬಾಯಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದ. ಕೈ ಒಳ್ಳೆಯದು, ಕಿವಿ ಅದಕ್ಕಿಂತ ಒಳ್ಳೆಯದು. ಕಾರ್ಯಕ್ರಮ ನಡೆಯುವಾಗ ವೇದಿಕೆಯ ಎಡಕ್ಕೆ ಕರಿ ಪರದೆಯ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಒಂದು ಗಿಟಾರ್ ನುಡಿಯುತ್ತಿರುವಾಗ ಇನ್ನೊಂದಕ್ಕೆ ಶ್ರುತಿ ಕೂಡಿಸಿ ಕೊಡಬೇಕು. ಇಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಹಾಡುಗಾರ ಹನೋಕನ ಬಾಲ್ಯದ ಗೆಳೆಯ, ಅವನದೊಂದು ಗುಟ್ಟಿತ್ತು. ಅವನ ಗಂಟಲು ಬಂಗಾರ, ಆದರೆ ಆ ಗದ್ದಲದಲ್ಲಿ ಹಾಡಿನ ಮೊದಲ ಸ್ವರ ಅವನಿಗೆ ಸಿಗುತ್ತಿರಲಿಲ್ಲ. ಹಾಡಿಗೆ ಮೊದಲು ಅವನು ಎಡಗಿವಿ ಮುಟ್ಟಿಕೊಳ್ಳುತ್ತಿದ್ದ. ಕಿವಿಯೊಳಗೆ ಸಣ್ಣ ಯಂತ್ರ. ಪರದೆಯ ಹಿಂದಿನ ಮೈಕಿನಲ್ಲಿ ಹನೋಕ ಮೆಲ್ಲಗೆ 'ಹೂಂ' ಎಂದು ಆ ಸ್ವರ ಗುನುಗುತ್ತಿದ್ದ. ಅದನ್ನು ಹಿಡಿದು ಇವನು ಎತ್ತಿದನೆಂದರೆ ಹತ್ತು ಸಾವಿರ ಜನ ಎದ್ದು ಕುಣಿಯುತ್ತಿದ್ದರು. ಹತ್ತು ಸಾವಿರ ಕೇಳಿದ ಸ್ವರವನ್ನು ಅವರಿಗಿಂತ ಮೊದಲು ಕೇಳಿದವನು ಒಬ್ಬನೇ, ಹೇಳಿಕೊಟ್ಟವನೂ ಒಬ್ಬನೇ.

ಕಾರ್ಯಕ್ರಮ ಮುಗಿದ ಮೇಲೆ ನಾಲ್ವರನ್ನು ಜನ ಹೊತ್ತುಕೊಂಡು ಹೋಗುತ್ತಿದ್ದರು. ಹನೋಕ ವೈರು ಸುತ್ತುತ್ತಿದ್ದ. ಸುತ್ತಿ, ಪೆಟ್ಟಿಗೆಗೆ ತುಂಬಿ, ವ್ಯಾನಿಗೆ ಏರಿಸಿ ಅವನು ಹೋಟೆಲಿಗೆ ಹೋಗುವಷ್ಟರಲ್ಲಿ ಅವರ ಊಟವಾಗಿರುತ್ತಿತ್ತು. ಒಬ್ಬನೇ ಕೂತು ಉಣ್ಣುತ್ತಿದ್ದ. ಹದಿನೈದು ವರ್ಷ, ಕೇಳಿಸಿತೇ? ಹದಿನೈದು ವರ್ಷ ಒಬ್ಬನೇ ಉಂಡ. ಯಾರೂ ಅವನನ್ನು ಬೈಯಲಿಲ್ಲ, ಯಾರೂ ಕೀಳಾಗಿ ಕಾಣಲಿಲ್ಲ. 'ಹನೋಕ ಇದ್ದಾನ ಬಿಡು' ಎನ್ನುತ್ತಿದ್ದರು. ಈ ಮಾತು ನಿಮ್ಮ ಮನೆಯಲ್ಲೂ ಕೇಳಿದ್ದೀರಿ, ನೆನಪಿಟ್ಟುಕೊಳ್ಳಿ.

ಬ್ಯಾಂಡಿಗೆ ಹದಿನೈದು ತುಂಬಿತು. ಹುಬ್ಬಳ್ಳಿಯಲ್ಲೇ ದೊಡ್ಡ ಮೈದಾನದಲ್ಲಿ ಕಾರ್ಯಕ್ರಮ ಎಂದು ಗೊತ್ತಾಯಿತು. ಹಾಡುಗಾರ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಹನೋಕಾ, ಈ ಸಲ ಸ್ಟೇಜ್ ಮ್ಯಾಲೆ ನಿನ್ನ ಹೆಸರ ಹೇಳಿ ಕರೀತೀನಿ ನೋಡಪಾ. ನೀ ಬಂದು ನಮ್ಮ ನಡುವ ನಿಂದ್ರಬೇಕು."

"ಬಿಡೋ ಮಾರಾಯಾ, ನನಗ್ಯಾಕ ಅದೆಲ್ಲಾ?"

"ಏಯ್, ಮಾತ ಕೊಟ್ಟೀನಿ ಅಂದ್ರ ಕೊಟ್ಟೀನಿ."

ಬಿಡು ಎಂದದ್ದು ಬಾಯಿ. ಒಳಗೆ ಮನುಷ್ಯ ಹಿಗ್ಗಿ ಹೀರೇಕಾಯಿಯಾಗಿದ್ದ. ಅವನೇನು ಪಾಲು ಕೇಳಲಿಲ್ಲ, ಪೋಸ್ಟರಿನಲ್ಲಿ ಮುಖ ಕೇಳಲಿಲ್ಲ. ಒಂದು ಸಲ, ಒಂದೇ ಸಲ, ಆ ಗೆಳೆಯನ ಬಾಯಿಂದ ಊರಿನೆದುರು ತನ್ನ ಹೆಸರು ಬರಬೇಕು. ಅಷ್ಟೇ. ಮನೆಗೆ ಹೋಗಿ ಅಕ್ಕನಿಗೆ ಹೇಳಿದ. ಅಕ್ಕ ಕ್ರಿಸ್ಮಸ್ಸಿಗೆಂದು ಎತ್ತಿಟ್ಟಿದ್ದ ಸೀರೆ ತೆಗೆದು ಇಸ್ತ್ರಿಗೆ ಕೊಟ್ಟಳು.

ಈಗ ಸರಿಯಾಗಿ ಕೇಳಿ, ಇಲ್ಲೇ ಇದೆ ಗಂಟು. ಹಿಂದಿನ ಬೆಂಚಿನವರೇ, ಗಡಿಯಾರ ಎಲ್ಲಿಗೂ ಓಡಿಹೋಗುವುದಿಲ್ಲ. ಆ ಬ್ಯಾಂಡಿನಲ್ಲಿ ಒಂದು ರೂಢಿ ಇತ್ತು. ಕೊನೆಯ ಹಾಡಾದ ಮೇಲೆ ಹಾಡುಗಾರ ಚೀಟಿ ನೋಡಿ ಎಲ್ಲರಿಗೂ ವಂದನೆ ಹೇಳಬೇಕು. ಆ ಚೀಟಿ ಬರೆಯುವವನು ಯಾರು? ಹನೋಕ! ಯಾಕೆಂದರೆ ಜನರೇಟರಿನವನ ಹೆಸರು, ದೀಪದವನ ಹೆಸರು, ಪೆಂಡಾಲಿನವನ ಹೆಸರು ಗೊತ್ತಿದ್ದದ್ದು ಅವನೊಬ್ಬನಿಗೇ. ಆ ದಿನವೂ ಮಧ್ಯಾಹ್ನ ಕೂತು ದುಂಡಗೆ ಹದಿನಾಲ್ಕು ಹೆಸರು ಬರೆದ. ಹದಿನೈದನೆಯದಕ್ಕೆ ಪೆನ್ನು ಇಟ್ಟ, ತೆಗೆದ. ಮತ್ತೆ ಇಟ್ಟ. ನೀವೇ ಹೇಳಿ, ತನ್ನ ಹೆಸರನ್ನು ತಾನೇ ಬರೆದುಕೊಳ್ಳಲು ಯಾವ ಮರ್ಯಾದಸ್ಥನಿಗೆ ಕೈ ಏಳುತ್ತದೆ? ಮಾತು ಕೊಟ್ಟಿದ್ದಾನಲ್ಲ, ಅವನ ಮನಸ್ಸಿನಿಂದಲೇ ಬರಲಿ ಎಂದುಕೊಂಡು ಆ ಒಂದು ಸಾಲು ಖಾಲಿ ಬಿಟ್ಟ.

ಸಂಜೆ ಮೈದಾನ ತುಂಬಿತು. ಕರುಣಾಬಾಯಿ ಪಾಸು ಹಿಡಿದುಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದಳು. ಇಪ್ಪತ್ತು ಹಾಡಿಗೆ ಇಪ್ಪತ್ತು ಸಲ ಹಾಡುಗಾರ ಕಿವಿ ಮುಟ್ಟಿದ, ಇಪ್ಪತ್ತು ಸಲ ಹನೋಕ ಸ್ವರ ಕೊಟ್ಟ. ಕೊನೆಯ ಹಾಡು ಮುಗಿದದ್ದೇ ಅವನು ಪರದೆಯ ಹಿಂದೆ ಎದ್ದು ನಿಂತ. ಕರ್ಚೀಫಿನಲ್ಲಿ ಕೈ ಒರೆಸಿಕೊಂಡ. ತಲೆ ಬಾಚಿಕೊಂಡ. ಹೊಸ ಅಂಗಿಯ ಮೇಲಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದ.

ಹಾಡುಗಾರ ಚೀಟಿ ತೆಗೆದ. ಜನರೇಟರಿನವನ ಹೆಸರು ಹೇಳಿದ, ಚಪ್ಪಾಳೆ. ದೀಪದವನ ಹೆಸರು, ಚಪ್ಪಾಳೆ. ಮೈದಾನದ ಕಾವಲುಗಾರ, ನೀರಿನ ಟ್ಯಾಂಕರಿನವನು, ಕುರ್ಚಿ ಹಾಕಿದವನು. ಹದಿನಾಲ್ಕೂ ಆಯಿತು. ಹನೋಕ ಒಂದು ಕಾಲು ಪರದೆಯಿಂದಾಚೆ ಇಟ್ಟ. ಹಾಡುಗಾರ ಚೀಟಿಯ ಕೆಳಗೆ ನೋಡಿದ, ಹಿಂದೆ ತಿರುಗಿಸಿ ನೋಡಿದ, ಎಲ್ಲಾ ಓದಿ ಮುಗಿಸಿದವನ ಸಮಾಧಾನದಿಂದ ಜೇಬಿಗೆ ಹಾಕಿಕೊಂಡ. "ಥ್ಯಾಂಕ್ಯೂ ಹುಬ್ಬಳ್ಳೀ!" ಎಂದು ಕೂಗಿದ. ಡ್ರಮ್ಮು ಬಿತ್ತು, ಪಟಾಕಿ ಹಾರಿತು.

ಹನೋಕ ಆಚೆ ಇಟ್ಟ ಕಾಲನ್ನು ಒಳಗೆ ಎಳೆದುಕೊಂಡ. ಯಾರೂ ನೋಡಲಿಲ್ಲವಲ್ಲ ಎಂದು ಸುತ್ತ ಕಣ್ಣಾಡಿಸಿದ. ಯಾರೂ ನೋಡಿರಲಿಲ್ಲ. ಬಗ್ಗಿ ವೈರು ಸುತ್ತತೊಡಗಿದ. ಪಾಪ, ಇನ್ನೇನು ಮಾಡುತ್ತಾನೆ?

ಆಟೋದಲ್ಲಿ ಮನೆಗೆ ಹೋಗುವಾಗ ಅಕ್ಕ ಹೇಳಿದಳು: "ಆ ಗದ್ದಲದಾಗ ನನಗ ಸರಿ ಕೇಳಿಸಲಿಲ್ಲೋ ತಮ್ಮಾ. ಹೇಳಿರಬೇಕು ಅಲ್ಲ?"

"ಹೂಂ ಅಕ್ಕಾ. ಹೇಳಿದ."

ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಒಂದೊಂದು ಕಡೆ ರಸ್ತೆ ನೋಡುತ್ತಾ ಕೂತರು. ನನಗೆ ಈ ಕಥೆಯಲ್ಲಿ ಹೊಟ್ಟೆ ಉರಿಯುವುದು ಇಲ್ಲೇ. ಒಂದು ಹೆಸರು ಹೇಳದೆ ಹೋದದ್ದಕ್ಕೆ ಇಬ್ಬರು ಒಳ್ಳೆಯ ಜನ ಸುಳ್ಳು ಹೇಳಬೇಕಾಯಿತು.

ಹನೋಕ ಮತ್ತೆ ಹೋಗಲಿಲ್ಲ. ಒಂಬತ್ತು ದಿನ ಯಾರೂ ಕೇಳಲಿಲ್ಲ. ಹತ್ತನೆಯ ದಿನ ಡ್ರಮ್ಮಿನವನ ಫೋನು ಬಂತು. ಹನೋಕ ಓಡಿ ಬಂದು ಎತ್ತಿದ. "ಹನೋಕಾ, ಆ ಕೆಂಪು ವೈರಿನ ಪೆಟಗಿ ಎಲ್ಲಿಟ್ಟೀಯೋ?" ಎಲ್ಲಿಟ್ಟಿದ್ದಾನೆಂದು ಹೇಳಿದ. ಫೋನು ಕಟ್ಟಾಯಿತು.

ಈಗ ನಿಮಗೇನು ಬೇಕು ಎಂದು ನನಗೆ ಗೊತ್ತು. ಹನೋಕ ಬಿಟ್ಟ ಮೇಲೆ ಬ್ಯಾಂಡು ಮಣ್ಣುಪಾಲಾಯಿತು, ಹಾಡುಗಾರ ವೇದಿಕೆಯ ಮೇಲೆ ಬೆಬ್ಬೆಬ್ಬೆ ಎಂದ, ಓಡಿಬಂದು ಕಾಲಿಗೆ ಬಿದ್ದ ಎಂದು ಹೇಳಬೇಕು. ಹೇಳುವುದಿಲ್ಲ. ಅವರು ಸ್ವರ ಕೊಡುವ ಒಂದು ಯಂತ್ರ ತಂದರು. ಅಂಗೈಯಷ್ಟು ದೊಡ್ಡದು. ಚೆನ್ನಾಗಿಯೇ ನಡೆಯಿತು! ಇತ್ತ ಹನೋಕ ಮಾತ್ರ ಸಂಜೆ ಆರಾದರೆ ಅಂಗಡಿಯಲ್ಲಿ ಕೂತಲ್ಲೇ, ತನಗೆ ತಿಳಿಯದೆಯೇ, ಮೊದಲ ಸ್ವರ ಗುನುಗುತ್ತಿದ್ದ. ಗುನುಗಿ ಕಾಯುತ್ತಿದ್ದ. ಎತ್ತಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಹಾಡುಗಾರ ಬಂದ. ಕೆಟ್ಟ ಮನುಷ್ಯನಲ್ಲ ಅವನು, ನಿಮ್ಮ ನನ್ನಂಥವನೇ.

"ಸಿಟ್ಟಾಗೀಯೇನು? ಆವತ್ತ ಚೀಟಿಯೊಳಗ ನಿನ್ನ ಹೆಸರ ಇರಲಿಲ್ಲೋ. ಯಾಕ ಬರೀಲಿಲ್ಲ ನೀನು?"

ಹನೋಕ ಕೈಯಲ್ಲಿದ್ದ ಹಾರ್ಮೋನಿಯಂ ಕೆಳಗಿಟ್ಟ. "ನನ್ನ ಹೆಸರ ನಾನ ಬರಕೋಬೇಕಂದ್ರ, ನೀ ಯಾಕ ಬೇಕಿತ್ತಪಾ ನನಗ?"

ಹಾಡುಗಾರನಿಗೆ ಅರ್ಥವಾಯಿತೇ? ಇಲ್ಲ. "ಆತು ಬಿಡು, ಮುಂದಿನ ಸಲ ಬರದು ಕೊಡು, ಪಕ್ಕಾ ಹೇಳ್ತೀನಿ" ಎಂದ! ಹನೋಕ ನಕ್ಕುಬಿಟ್ಟ. ಚಹಾ ತರಿಸಿ ಕುಡಿಸಿ ಕಳಿಸಿದ. ಅವನು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದ. ಅಲ್ಲಿಗೆ ಮೂವತ್ತು ವರ್ಷದ ಗೆಳೆತನ ಮುಗಿಯಿತು. ಜಗಳವಿಲ್ಲ, ಬೈಗುಳವಿಲ್ಲ. ಮುಗಿದದ್ದು ಒಬ್ಬನಿಗೆ ಗೊತ್ತಾಯಿತು, ಇನ್ನೊಬ್ಬನಿಗೆ ಇವತ್ತಿಗೂ ಗೊತ್ತಿಲ್ಲ.

ಕಥೆ ಅಷ್ಟೇ. ಆ ಹಾಡುಗಾರನಿಗೆ ಈಗ ಮನಸ್ಸಿನಲ್ಲೇ ಬೈಯುತ್ತಿದ್ದೀರಿ. ಬೈಯಿರಿ. ಆದರೆ ನಾನು ಮೊನ್ನೆ ಏನು ಮಾಡಿದೆ, ಕೇಳಿ. ಈ ಪ್ರಸಂಗ ಬರೆಯಲು ಇದೇ ಆಲಯದಲ್ಲಿ ಕೂತಿದ್ದೆ. ಒಬ್ಬ ತಾಯಿ ಕಸ ಗುಡಿಸುತ್ತಿದ್ದರು. ಹನ್ನೊಂದು ವರ್ಷದಿಂದ ನೀವು ಕೂತ ಈ ಬೆಂಚುಗಳನ್ನು ಒರೆಸಿದವರು. ನನಗೆ ಅವರ ಹೆಸರು ಗೊತ್ತಿರಲಿಲ್ಲ. ಪಾದ್ರಿಗೆ! ಕಾರ್ಯದರ್ಶಿಯವರನ್ನು ಕೇಳಿದೆ. "ಕಸಾ ಹೊಡಿಯಾಕಿ ಅಲ್ರೀ?" ಎಂದರು. ಕೊನೆಗೆ ನಾನೇ ಹತ್ತಿರ ಹೋಗಿ, "ನಿಮ್ಮ ಹೆಸರೇನವ್ವಾ?" ಎಂದೆ. ಅವರ ಕೈಯಿಂದ ಪೊರಕೆ ಜಾರಿತು.

"ಯಾಕ್ರೀ ಅಯ್ಯನೋರ? ನನ್ನಿಂದ ಏನರ ತಪ್ಪಾತೇನ್ರಿ?"

ಕೇಳಿದಿರಾ? ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬರು ಹೆಸರು ಕೇಳಿದರೆ, ಕೆಲಸ ಹೋಯಿತು ಎಂದು ಆ ಜೀವ ನಡುಗಿತು. ನಾನು ಅವತ್ತು ಆ ಬೆಂಚಿನ ಮೇಲೆ ಕೂತು ಅತ್ತೆ, ಹೇಳಲು ನಾಚಿಕೆಯಿಲ್ಲ.

ಅವರ ಹೆಸರು ಫಕೀರವ್ವ. ತಿರುಗಿ ನೋಡಬೇಡಿ, ಹಿಂದೆ ಬಾಗಿಲ ಹತ್ತಿರ ಇದ್ದಾರೆ, ಮುಜುಗರಪಡುತ್ತಾರೆ. ಶಾಲು ಹೊದಿಸಿ ಹಾರ ಹಾಕುವ ಯೋಚನೆ ಯಾರೂ ಮಾಡಬೇಡಿ. ವರ್ಷಕ್ಕೊಮ್ಮೆ ಹಾರ ಹಾಕಿ ಉಳಿದ ದಿನ 'ಆಕಿ' ಎನ್ನುವುದು ಬೇಡ. ಇವತ್ತು ಮನೆಗೆ ಹೋಗಿ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ 'ಇದ್ದಾರೆ ಬಿಡು' ಎಂದು ನೀವು ಬಿಟ್ಟುಬಿಟ್ಟ ಒಬ್ಬರಿರುತ್ತಾರೆ. ಅವರನ್ನು ಹೆಸರು ಹಿಡಿದು ಕರೆಯಿರಿ. ಕೆಲಸ ಹೇಳಲು ಅಲ್ಲ, ಸುಮ್ಮನೆ. ಅವರು ಬರುವವರೆಗೆ ಊಟಕ್ಕೆ ಕೂರಬೇಡಿ. ನಾಳೆಯೂ ಹಾಗೇ ಮಾಡಿ, ನಾಡಿದ್ದೂ ಮಾಡಿ. ಹೆಸರೇ ಗೊತ್ತಿಲ್ಲದವರು ಮೊದಲು ಹೋಗಿ ಕೇಳಿ. ಕೇಳಿದಾಗ ಆ ಮನುಷ್ಯ ಹೆದರಿದರೆ, ತಪ್ಪು ಎಷ್ಟು ದೊಡ್ಡದು ಎಂದು ನಿಮಗೆ ಗೊತ್ತಾಗುತ್ತದೆ.

ಪ್ರಾರ್ಥನೆಗೆ ಏಳೋಣ. ಆ ಒಬ್ಬರ ಹೆಸರು ನೆನಪಾದವರು ಮಾತ್ರ ಏಳಿ. ನೆನಪಾಗದವರು ಕೂತಿರಿ, ಅವಸರವಿಲ್ಲ, ನಾವು ಕಾಯುತ್ತೇವೆ.