ಮೂರನೆಯ ಇಂಟರ್‌ವ್ಯೂ

ಬೇರೆಯವರ ಮಾತಿಗೆ ಕಿವಿಗೊಡಬಾರದು, ನಿಜ. ಆದರೆ ಕಾಲೇಜಿನ ಗೇಟಿನೆದುರು ಬಸ್ಸಿಗೆ ಕಾಯುವವರಿಗೆ ಇದ್ದದ್ದು ಒಂದೇ ಬೆಂಚು. ನನ್ನ ಪಕ್ಕದಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ಅವಳ ಮಡಿಲಲ್ಲಿ ಸರ್ಟಿಫಿಕೇಟುಗಳ ಫೈಲು. ಇಪ್ಪತ್ತು ದಾಟಿದ ತಮ್ಮನಿಗೆ ಮಾತು ತೊದಲುತ್ತಿತ್ತು.

"ಏ... ಏನಂ..."

"ಏನಂದ್ರು ಅಂತ ತಾನೆ? ಸೀಟಿಲ್ಲ ಅಂದ್ರು. ಸ್ಪೀಚ್ ಥೆರಪಿ ಎಂ.ಎಸ್ಸಿ.ಗೆ ಮೂರು ಸಲಕ್ಕಿಂತ ಜಾಸ್ತಿ ಅರ್ಜಿ ತಗೊಳ್ಳಲ್ವಂತೆ. ಅಲ್ಲಿಗೆ ನನ್ನ ಕಥೆ ಮುಗೀತು."

"ಮಾ... ಮಾರ್ಕ್ಸು..."

"ಮಾರ್ಕ್ಸಿಗೇನು ಬಂತು ಧಾಡಿ! ಇಂಟರ್‌ವ್ಯೂನಲ್ಲೇ ಹೋಯ್ತು. ಸ್ಟ್ರೋಕ್ ಆದ ಒಬ್ರು ಅಜ್ಜನ್ನ ಎದುರಿಗೆ ಕೂರಿಸಿದ್ರು. ಕನ್ನಡಕ ತೋರಿಸಿ, ಇದೇನು ಅಂತ ಅವರನ್ನ ಕೇಳಿ ಅಂದ್ರು."

"ಆ... ಆಮೇಲೆ?"

"ಪಾಪ, ಕ, ಕ ಅಂತ ಒದ್ದಾಡಿಬಿಟ್ರು ಕಣೋ. ಕರುಳು ಚುರುಕ್ ಅಂತು. ಕಲ್ಲಾಗಿ ಕೂತಿರೋಕಾಗುತ್ತಾ? 'ಕನ್ನಡಕ' ಅಂತ ನಾನೇ ಅಂದ್ಬಿಟ್ಟೆ. ಮೇಡಂ ಪೆನ್ನು ಕೆಳಗಿಟ್ರು."

"ಬೈ... ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. 'ಹೋದೆರಡು ಸಲಾನೂ ಹೀಗೇ ಮಾಡಿದ್ರಿ. ಅವರ ಬಾಯಿಗೆ ಬರ್ತಿದ್ದ ಮಾತನ್ನ ನೀವು ಕಿತ್ಕೊಂಡ್ರಿ. ನಿಮಗೆ ಕಾಯೋಕೆ ಬರಲ್ಲಮ್ಮ' ಅಂದ್ರು, ಮೆತ್ತಗೆ. ಈ ಹಾಳು ಚಾಳಿ ನಂಗೆ ಎಲ್ಲಿಂದ ಅಂಟ್ಕೊಂಡಿತೋ!"

ತಮ್ಮ ಅವಳತ್ತ ತಿರುಗಿದ. ಕುತ್ತಿಗೆಯ ನರ ಬಿಗಿಯಿತು.

"ಅ... ಅಕ್ಕಾ, ಮ... ಮನೇಲೂ ನೀ..."

"ಮನೇಲಿ ನಾನೇ ಹೇಳ್ತೀನಿ ಬಿಡೋ. ನೀನೇನೂ ಮಾತಾಡ್ಬೇಡ."

ಬಸ್ಸು ಬಂತು. ತೆರೆದಿದ್ದ ಬಾಯಿ ಮುಚ್ಚಿಕೊಂಡು, ಅವಳ ಫೈಲು ಎತ್ತಿಕೊಂಡು, ತಮ್ಮ ಅವಳ ಹಿಂದೆಯೇ ಹತ್ತಿದ.