ಇಳಿಯುವ ಬೆಲೆಗೆ ಕಾದ ಸಾಹುಕಾರ

ಶರಣರೇ, ಇವತ್ತಿನ ಪ್ರವಚನಕ್ಕೆ ಒಂದು ಕಥೆ. ಒಂದು ಹಳ್ಳದ ದಂಡೆಯ ಊರು ಅನ್ನಿ. ಅಲ್ಲೊಬ್ಬ ಸಾಹುಕಾರನಿದ್ದ. ಹಳ್ಳದಾಚೆ ಅವನ ಎಲೆಬಳ್ಳಿ ತೋಟ. ಅಲ್ಲಿಗೆ ಕರೆಂಟಿನ ಕಂಬ ಹೋಗಿರಲಿಲ್ಲ. ಬಾವಿಯಿಂದ ಸೇದಿ, ಕೊಡ ಹೊತ್ತು ಬಳ್ಳಿಗೆ ಉಣಿಸಬೇಕು. ಆಳು ಇಡಬಹುದಿತ್ತಲ್ಲ? ಇಡುವಂತಿಲ್ಲ. ಬಳ್ಳಿಗೆ ಹೊರಗಿನವರ ಕೈನೀರು ಆಗದು, ಮನೆಯವರೇ ಹಾಕಬೇಕೆಂಬುದು ಅವರ ಮನೆತನದ ನೇಮ. ಮನೆಯವರು ಅಂದರೆ ಯಾರು? ಅವನ ಹೆಂಡತಿ.

ಸೋಲಾರ್ ಪಂಪು ಹಾಕಿಸೋಣವೆಂದು ಪ್ರತಿ ಯುಗಾದಿಗೆ ಪೇಟೆಗೆ ಹೋಗಿ ಬೆಲೆ ಕೇಳುತ್ತಿದ್ದ. ನೋಡಿ, ಬೆಲೆ ವರ್ಷವರ್ಷ ಇಳಿಯುತ್ತಿತ್ತು. ಒಮ್ಮೆ ಪೇಡೆ ತಂದು ಹೆಂಡತಿಗೆ ಕೊಟ್ಟು, “ಇವತ್ತ ಕುಂತಲ್ಲೇ ಐವತ್ತ ಸಾವಿರ ಗಳಿಸೇನಿ” ಅಂದ.

“ಗಳಿಸಿದ್ದನ್ನ ಎಲ್ಲಿಟ್ಟೀರಿ? ನನ್ನ ಹೆಗಲಿಗೆ ಸ್ವಲ್ಪ ಹಚ್ಚರಿ, ನೋವರ ಇಳೀತೈತಿ.”

ಇಲ್ಲಿ ನಿಮ್ಮ ನಡುವೆ ಮುಂದೆ ಕೂತ ಚನ್ನವೀರಪ್ಪನವರು ನಗುತ್ತಿದ್ದಾರೆ. ಆ ಸಾಹುಕಾರನೂ ನಕ್ಕ. ಇನ್ನೊಂದು ವರ್ಷ ತಡೆದರೆ ಇನ್ನೂ ಇಳಿಯುತ್ತದೆಂದು ತಿಳಿಹೇಳಿದ. ಆಕೆ ಕೊಡ ಎತ್ತಿಕೊಂಡು ಹೋದಳು. ಹಾಗೆ ಏಳು ಯುಗಾದಿ.

ಎಂಟನೆಯ ವರ್ಷ ಬೆಲೆ ಅರ್ಧಕ್ಕೆ ಬಂತು, ತಂದ. ಕಣ್ಣು ಮುಚ್ಚಿ ನೋಡಿ ಶರಣರೇ. ಬಿಸಿಲಿನಲ್ಲಿ ನೀಲಿ ಹಲಗೆಗಳು, ಮುಗಿಲಿನ ತುಂಡು ಕೆಳಗಿಳಿದು ಮಲಗಿದಂತೆ. ಯಾರೂ ಸೇದುತ್ತಿಲ್ಲ, ಯಾರೂ ಹೊರುತ್ತಿಲ್ಲ. ಬಾವಿಯ ನೀರು ತಾನೇ ಮೇಲೆದ್ದು, ನಿದ್ದೆಯಲ್ಲಿ ನಡೆದವರ ಹಾಗೆ ಮೆಲ್ಲಗೆ ಕಾಲುವೆಯಲ್ಲಿ ಹೊರಟಿದೆ. ಬಳ್ಳಿಯ ನೆರಳು ಅದರ ಮೇಲೆ ತೂಗುತ್ತಿದೆ. ಹೆಂಡತಿ ದಡದಲ್ಲಿ ನಿಂತು ನೋಡುತ್ತಲೇ ಇದ್ದಾಳೆ.

“ಮಾರಿ ತೊಳಕೋ, ಎಷ್ಟ ತಣ್ಣಗೈತಿ” ಅಂದ ಸಾಹುಕಾರ.

“ತೋಳು ಏಳವಲ್ದು. ನೀವೇ ಒಂದು ಬೊಗಸಿ ಹಾಕ್ರಿ.”

ಬೊಗಸೆ ತುಂಬಿಕೊಂಡ. ಆಕೆಯ ಮುಖದವರೆಗೆ ಒಯ್ಯುವಷ್ಟರಲ್ಲಿ ಬೆರಳ ಸಂದಿಯಿಂದ ನೀರೆಲ್ಲ ಸೋರಿಹೋಯಿತು.

ಶರಣರೇ, ಅಗ್ಗವಾಗಲಿ ಎಂದು ಕಾಯುವುದು ಪಾಪವಲ್ಲ. ಆದರೆ ಕಾದವರು ಯಾರು, ಹೊತ್ತವರು ಯಾರು? ನಿಮ್ಮ ಮನೆಯಲ್ಲೂ ಇಂಥದ್ದೊಂದು ‘ಬರುವ ವರ್ಷ’ ಇದೆ. ಒಲೆಯ ಹೊಗೆ ಇರಬಹುದು, ಬೀಸುವ ಕಲ್ಲಿರಬಹುದು. ಕೈಲಾದರೆ ನಾಳೆಯೇ ತನ್ನಿ. ಆಗದಿದ್ದರೆ, ಬೆಲೆ ಇಳಿಯುವ ತನಕ ಅವರ ಕೊಡ ನೀವು ಹೊರಿರಿ. ಹೊತ್ತ ಮೇಲೆ, ಒಂದು ವರ್ಷ ಕಾಯುವುದಕ್ಕೆ ಬೆಲೆ ಎಷ್ಟೆಂದು ಪೇಟೆಗೆ ಹೋಗಿ ಕೇಳಬೇಕಾಗಿಲ್ಲ.