ಅರವತ್ತೆರಡು ಪರ್ಸೆಂಟಿಗೆ ಕಿತ್ತ ಪೆನ್‌ಡ್ರೈವ್

ಅಲ್ಲ ಕಣಪ್ಪ ಚನ್ನವೀರ, ಯಾರು ಮುಟ್ಟಿದ್ದು, ಯಾರು ಮುಟ್ಟಿದ್ದು ಅಂತ ಮೂರು ಸಲ ಕೇಳಿದ್ರೆ ನಾನೇನು ಹೇಳ್ಲಿ? ನಿನ್ನ ಕರೆಸಿದ್ದು ಕಂಪ್ಯೂಟರ್ ರಿಪೇರಿಗೆ, ತನಿಖೆಗಲ್ಲ. ಕರೆಂಟ್ ಹೋಯ್ತು, ಬಂತು, ಸ್ಕ್ರೀನು ಕಪ್ಪಗಾಯ್ತು. ಅಷ್ಟೆ... ಏನು, ಕರೆಂಟ್ ಹೋದ್ರೆ ಹೀಗಾಗಲ್ವಾ? ಯಾರೋ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕೋಕೆ ಹೋಗಿ ಅರ್ಧಕ್ಕೇ ನಿಲ್ಸಿದಾರಾ? ಅಷ್ಟೆಲ್ಲ ಗೊತ್ತಾಗತ್ತಾ ಅದ್ರಲ್ಲಿ?

ಸರಿ. ನಾನೇ. ನಗಬೇಡ.

ನಮ್ಮ ತಂಗಿ ಮಗ ಸುಶ್ರುತ ಪೆನ್‌ಡ್ರೈವ್ ಕೊಟ್ಟಿದ್ದ. ಎಲ್ಲಕ್ಕೂ ಯೆಸ್ ಒತ್ತಿ ದೊಡ್ಡಮ್ಮ, ಹಳೇದೆಲ್ಲ ಹೋಗಿ ಹೊಸದಾಗತ್ತೆ ಅಂದ. ಒತ್ತಿದೆ. ಅರವತ್ತೆರಡು ಪರ್ಸೆಂಟಿಗೆ ಬಂದಿತ್ತು, ಲಿಫ್ಟ್ ಬಾಗಿಲ ಸದ್ದಾಯ್ತು. ಇವರು ಬಂದೇಬಿಟ್ರು ಅಂತ ಗಾಬರೀಲಿ ಕಿತ್ತು ಸಾಸಿವೆ ಡಬ್ಬಿಗೆ ಹಾಕ್ಬಿಟ್ಟೆ. ಆಮೇಲೆ ಎಷ್ಟು ಸಲ ಆನ್ ಮಾಡಿದ್ರೂ ಕಪ್ಪು ಸ್ಕ್ರೀನ್ ಮೇಲೆ ಅದೇ ಒಂದು ಸಾಲು, ಬೂಟ್ ಡಿವೈಸ್ ಇಲ್ಲ ಅಂತ.

ಇವರು ಅಂದ್ರೆ ನಮ್ಮ ಯಜಮಾನ್ರು, ಅನಂತರಾಮು. ಈ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಯಾರೋ ಮನೇಲಿ ಕದ್ದು ವ್ಯಾಪಾರ ಮಾಡ್ತಿದಾರೆ, ಲಿಫ್ಟೆಲ್ಲ ಎಣ್ಣೆ ವಾಸನೆ, ದಿನಾ ಡೆಲಿವರಿಯೋರು ಬಂದು ಚೀಲ ತಗೊಂಡ್ಹೋಗ್ತಾರೆ ಅಂತ ಒಂದೇ ಸಮ. ವಾಸನೆ ನಮ್ಮನೇ ಒಳಗೂ ನುಗ್ಗಿದೆ ಅಂತ ಬರವಣಿಗೇಲಿ ದೂರು ಬೇರೆ. ಲಿಫ್ಟ್ ಕ್ಯಾಮೆರಾದ ಹದಿನೈದು ದಿನದ ವಿಡಿಯೋನ ಈ ಕಂಪ್ಯೂಟರ್‌ಗೆ ಹಾಕಿಸ್ಕೊಂಡಿದಾರೆ. ತಾವೂ ಇನ್ನೂ ನೋಡಿಲ್ಲ. ಮೊದಲೇ ನೋಡಿದ್ರೆ ತಪ್ಪಾಗತ್ತಂತೆ, ಭಾನುವಾರ ಮೀಟಿಂಗಲ್ಲಿ ಎಲ್ಲರ ಜೊತೇಲೇ ನೋಡೋದಂತೆ.

ಪಾಪ, ಯಾವ ಮನೆಯೋಳೋ ಏನೋ. ನಾಲ್ಕು ಜನರ ಮುಂದೆ ಅವಳ ಮಾನ ಹೋಗ್ಬಾರ್ದು ಅಂತ ಅಳ್ಸೋಕೆ ಹೋದೆ. ನನಗೇನಾಗ್ಬೇಕು ಅದ್ರಿಂದ?

ಅದೇನು ಚುಚ್ತಿದೀಯ? ನಿನ್ನದೇ ಪೆನ್‌ಡ್ರೈವಾ? ಅದ್ರಿಂದ ಆನ್ ಮಾಡಿ ಒಳಗೆ ನೋಡ್ಬಹುದಾ... ಹೂಂ, ಬಂತು ನೋಡು. ಫೈಲೆಲ್ಲ ಇರೋ ಡಿ ಡ್ರೈವ್‌ಗೆ ಏನೂ ಆಗಿಲ್ವಾ? ಒಂದೂ ಹೋಗಿಲ್ವಾ? ವಿಡಿಯೋನೂ?... ಒಳ್ಳೇದಾಯ್ತು ಬಿಡು.

ನೋಡಪ್ಪ, ಆ ಒಂದು ಫೋಲ್ಡರ್ ಮಾತ್ರ ಅಳಿಸ್ಬಿಡು. ಓಪನ್ ಮಾಡ್ಬೇಡ. ಓಡತ್ತಾ ಅಂತ ನೋಡೋದೇನೂ ಬೇಡ... ಓಪನ್ ಮಾಡ್ಬೇಡ ಅಂದ್ನಲ್ಲ...

ಹಾಕೇಬಿಟ್ಯಾ ವಿಡಿಯೋನ?

ಚನ್ನವೀರ? ಸ್ಕ್ರೀನ್ ನೋಡ್ತೀಯ, ನನ್ನ ನೋಡ್ತೀಯ. ಲಿಫ್ಟಲ್ಲಿರೋದು ನಾನೇನಾ ಅಂತ ತಾನೆ?

ಹೌದು. ನಂದೇ ನೈಟಿ, ಮೇಲೆ ಹಾಕ್ಕೊಂಡಿರೋ ಟವಲೂ ನಂದೇ. ಚೀಲದಲ್ಲಿರೋದು ಕೊಡುಬಳೆ. ಎರಡು ವರ್ಷ ಆಯ್ತು. ಇವರು ಕೆಳಗೆ ಸಂಘದ ಆಫೀಸಲ್ಲಿ ಕೂತು ಕಳ್ಳನ್ನ ಹುಡುಕೋ ಹೊತ್ತಲ್ಲಿ ಕರಿದು, ಜಯನಗರದ ಒಂದು ಅಂಗಡಿಗೆ ಕಳಿಸ್ತೀನಿ. ಮೊದಲು ಇವರನ್ನೇ ಕೇಳಿದ್ದೆ, ಮಾಡಿ ಮಾರ್ಲಾ ಅಂತ. ಪೇಪರಿಂದ ತಲೇನೂ ಎತ್ತಲಿಲ್ಲ. ನೀನು ಕರಿದಿದ್ದನ್ನ ದುಡ್ಡು ಕೊಟ್ಟು ಯಾರೇ ತಿಂತಾರೆ ಅಂದ್ರು. ಅವತ್ತು ಬಾಣಲೆ ತೊಳೀತಾ ನಲ್ಲಿ ಜೋರಾಗಿ ಬಿಟ್ಕೊಂಡಿದ್ದೆ, ಅತ್ತಿದ್ದು ಕೇಳಿಸ್ಬಾರ್ದು ಅಂತ.

ಈಗ ವಾರವಾರ ಅದೇ ಅಂಗಡಿಯಿಂದ ಕಾಲು ಕೇಜಿ ತರೋದು ಯಾರು ಅಂದ್ಕೊಂಡೆ? ಇವರೇ. ಚಪ್ಪರಿಸ್ಕೊಂಡು ತಿಂದು, "ನೋಡು ಕಾತ್ಯಾಯಿನಿ, ಕೊಡುಬಳೆ ಅಂದ್ರೆ ಇದು, ಕಲ್ತ್ಕೋ" ಅಂತಾರೆ. ನಾನು ಹೂಂ ಅಂತೀನಿ.

ಈಗ ನಗು, ಪರವಾಗಿಲ್ಲ.

ಅಳಿಸ್ಲಾ ಅಂತೀಯಾ?... ತಡಿ.

ಬೇಡ. ಆ ಹೊಸದನ್ನ ಸರಿಯಾಗಿ ಹಾಕಿ, ಆನ್ ಮಾಡ್ಕೊಟ್ಟು ಹೋಗು. ವಿಡಿಯೋ ಇದ್ದಲ್ಲೇ ಇರ್ಲಿ. ಭಾನುವಾರ ಮೀಟಿಂಗಿಗೆ ನಾನೇ ಎರಡು ತಟ್ಟೆ ತುಂಬ ಕೊಡುಬಳೆ ಕಳಿಸ್ತೀನಿ. ಇವರ ಬಾಯಿಗೆ ಒಂದು ಹೋಗ್ಲಿ, ಕರುಂ ಅನ್ಲಿ, ಆಮೇಲೆ ಹಾಕ್ಲಿ ವಿಡಿಯೋನ.